ಆಂಟಿಗೊನಿ ನಾಟಕದ ಕ್ರಿಯಾನ್ ವಿಲನ್ನಾ? ಪಾತ್ರ ಮಾಡ್ತಿದೀನಿ, ಸ್ವಲ್ಪ ದಾರಿ ತೋರ್ಸಿ

ಹಿಂದಿನ_ಸಾಲು

ಎಲ್ರಿಗೂ ನಮಸ್ಕಾರ. ನಮ್ಮದೊಂದು ಹವ್ಯಾಸಿ ತಂಡ, ಈ ಸಲ ಹಳೇ ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ಆಂಟಿಗೊನಿ ತಗೊಂಡಿದೀವಿ, ನನಗೆ ಕ್ರಿಯಾನ್ ಪಾತ್ರ ಬಂದಿದೆ. ರಿಹರ್ಸಲ್ ಶುರುವಾಗಿ ಮೂರು ವಾರ ಆಯ್ತು. ಮೊದಲ ದಿನ ನಾನು ಎದೆ ಉಬ್ಬಿಸ್ಕೊಂಡು ಗತ್ತಲ್ಲಿ ಬಂದು ಆಜ್ಞೆ ಹೊರಡಿಸಿದೆ, ನಿರ್ದೇಶಕರು ಅರ್ಧಕ್ಕೇ ನಿಲ್ಲಿಸಿ "ಹಾಗೆ ಬರಬೇಡ, ಮೊದಲ ಕಾಲು ಗಂಟೆ ಈ ಮನುಷ್ಯ ಹೇಳೋದು ಸರಿ ಅಂತ ಕೂತಿರೋರಿಗೆ ಅನ್ನಿಸ್ಬೇಕು" ಅಂದ್ರು. ಅವತ್ತಿಂದ ಒದ್ದಾಡ್ತಿದೀನಿ.

ಕಥೆ ಗೊತ್ತಿಲ್ದೆ ಇರೋರಿಗೆ ಎರಡು ಮಾತು. ಥೀಬ್ಸ್ ಅನ್ನೋ ಗ್ರೀಕ್ ಊರಿನ ದೊರೆಯಾಗಿದ್ದ ಈಡಿಪಸ್‌ನ ಇಬ್ಬರು ಗಂಡು ಮಕ್ಕಳು ಆ ಪಟ್ಟಕ್ಕಾಗಿ ಹೊಡೆದಾಡಿ ಒಬ್ಬರನ್ನೊಬ್ಬರು ಕೊಂದ್ಕೊಂಡಿರ್ತಾರೆ. ಊರು ಕಾದ ಎಟಿಯೊಕ್ಲಿಸ್‌ಗೆ ಮರ್ಯಾದೆಯಿಂದ ಮಣ್ಣು, ಆರ್ಗಾಸ್‌ನ ಸೈನ್ಯ ಕಟ್ಕೊಂಡು ತನ್ನೂರಿನ ಮೇಲೇ ಬಂದ ಪಾಲಿನೈಸಿಸ್‌ನ ಹೆಣ ನಾಯಿ ಹದ್ದುಗಳಿಗೆ, ಯಾರೂ ಮುಟ್ಟೋ ಹಾಗಿಲ್ಲ ಅಂತ ಹೊಸ ದೊರೆ ಕ್ರಿಯಾನ್ ಡಂಗುರ ಸಾರಿಸ್ತಾನೆ. ಸತ್ತವರ ತಂಗಿ ಆಂಟಿಗೊನಿ ಹೋಗಿ ಅಣ್ಣನ ಮೇಲೆ ಮಣ್ಣು ಹಾಕ್ತಾಳೆ. ಕ್ರಿಯಾನ್ ಇವರಿಗೆಲ್ಲ ಸೋದರಮಾವ, ಅವನ ಮಗ ಹೀಮನ್‌ಗೂ ಆಂಟಿಗೊನಿಗೂ ಮದುವೆ ನಿಶ್ಚಯ ಆಗಿರುತ್ತೆ. ಅಂಥ ಹುಡುಗೀನ ಇವನು ಜೀವಂತ ಗುಹೇಲಿ ಹಾಕಿ ಮುಚ್ಚಿಸ್ತಾನೆ.

ಇಂಥವನು ಸರಿ ಅಂತ ನಾನು ಹೇಗೆ ನಂಬಲಿ? ನಾನೇ ನಂಬದೆ ಇದ್ರೆ ಕೂತಿರೋರು ಎಲ್ಲಿಂದ ನಂಬ್ತಾರೆ? ಇನ್ನೊಂದು ಕಷ್ಟ ಇದೆ, ಅದೇ ದೊಡ್ಡದು. ಕುರುಡ ಕಾಲಜ್ಞಾನಿ ಟೈರೀಸಿಯಸ್ ಬಂದು ಬೈದು ಹೋದ ಮೇಲೆ, ಅಲ್ಲೀತನಕ ಬಂಡೆ ಥರ ಇದ್ದವನು ಇಪ್ಪತ್ತು ಸಾಲೊಳಗೆ ಕರಗಿ "ಏನ್ ಮಾಡ್ಲಿ ಹೇಳಿ, ಕೇಳ್ತೀನಿ" ಅಂತಾನೆ. ಆ ಇಪ್ಪತ್ತು ಸಾಲು ನನ್ನ ಬಾಯಲ್ಲಿ ಸುಳ್ಳು ಸುಳ್ಳಾಗಿ ಕೇಳ್ಸುತ್ತೆ. ಓದ್ಕೊಂಡಿರೋರು, ಆಡಿರೋರು ಯಾರಾದ್ರೂ ಇದ್ರೆ ಹೇಳಿ.

ಪದವಿ_ಎರಡನೇ_ವರ್ಷ

ಸರ್ ನಮಗೆ ಕ್ಲಾಸಲ್ಲಿ ಹೇಳಿದ್ದು ಹೆಗೆಲ್ ಅನ್ನೋ ಜರ್ಮನ್ ತತ್ವಜ್ಞಾನಿಯ ಮಾತು, ಗ್ರೀಕ್ ದುರಂತದಲ್ಲಿ ಜಗಳ ಸರಿಗೂ ತಪ್ಪಿಗೂ ಅಲ್ಲ, ಸರಿಗೂ ಇನ್ನೊಂದು ಸರಿಗೂ ಅಂತ, ಆಂಟಿಗೊನಿದು ಮನೆಯ ಧರ್ಮ ಕ್ರಿಯಾನ್‌ದು ರಾಜ್ಯದ ಧರ್ಮ, ಇಬ್ಬರೂ ತಮ್ಮ ಅರ್ಧವನ್ನೇ ಪೂರ್ತಿ ಅನ್ಕೊಂಡು ಹಾಳಾಗ್ತಾರೆ. ಹಾಗಾಗಿ ಕ್ರಿಯಾನ್ ವಿಲನ್ ಅಲ್ಲ ಅಂತ ನಮ್ಮ ಲೆಕ್ಚರರ್ ಹೇಳಿದ್ರು.

ಹಳೇಮೇಷ್ಟ್ರು

ಹೆಗೆಲ್ ಕಡೆಗೆ ಆಮೇಲೆ ಬರೋಣಪ್ಪ. ಪಾತ್ರ ಮಾಡೋರಿಗೆ ಮೊದಲು ಬೇಕಾಗಿರೋದು ಆ ದಿನ ಬೆಳಿಗ್ಗೆ ಏನಾಗಿತ್ತು ಅನ್ನೋದು. ಹಿಂದಿನ ರಾತ್ರಿ ತನಕ ಊರಿನ ಏಳು ಬಾಗಿಲಿಗೂ ಶತ್ರು ನಿಂತಿದ್ದ. ಬೆಳಗಾಗೋ ಹೊತ್ತಿಗೆ ಸೈನ್ಯ ಓಡಿದೆ, ಇಬ್ಬರು ರಾಜಕುಮಾರರೂ ಸತ್ತಿದಾರೆ, ಹತ್ತಿರದ ನೆಂಟ ಅಂತ ಪಟ್ಟ ಕ್ರಿಯಾನ್ ತಲೆ ಮೇಲೆ ಬಂದು ಬಿದ್ದಿದೆ. ಅವನು ವೇದಿಕೆಗೆ ಬರೋದು ರಾಜನಾದ ಮೊದಲ ದಿನ. ವರ್ಷಗಟ್ಟಲೆ ದರ್ಬಾರು ಮಾಡಿದವನ ಗತ್ತು ಅಲ್ಲಿ ಬರಕೂಡದು. ಊರು ಇನ್ನೊಂದು ಸಲ ಒಡೆದುಹೋದ್ರೆ ಅನ್ನೋ ಭಯ ಒಳಗೆ ಇಟ್ಕೊಂಡು, ಹೊರಗೆ ಗಟ್ಟಿ ದನಿಯಲ್ಲಿ ಮಾತಾಡೋ ಮನುಷ್ಯ ಅವನು.

ಇನ್ನು ಆಜ್ಞೆ ವಿಚಾರ. ಅಥೆನ್ಸ್‌ನಲ್ಲಿ ದೇಶದ್ರೋಹಿಗಳನ್ನ ಅಟ್ಟಿಕಾ, ಅಂದ್ರೆ ಅಥೆನ್ಸ್‌ಗೆ ಸೇರಿದ ನಾಡಿನ ನೆಲದಲ್ಲಿ ಹೂಳಬಾರದು ಅಂತ ಕಾನೂನೇ ಇತ್ತು. ಪರ್ಷಿಯನ್ನರ ವಿರುದ್ಧ ಸಲಾಮಿಸ್‌ನಲ್ಲಿ ಗೆಲುವು ತಂದುಕೊಟ್ಟ ಥೆಮಿಸ್ಟೋಕ್ಲಿಸ್‌ನನ್ನೂ ಕೊನೆಗೆ ದ್ರೋಹಿ ಅಂದ್ರು, ಅವನು ದೂರದೇಶದಲ್ಲಿ ಸತ್ತ ಮೇಲೆ ಮನೆಯವರು ಮೂಳೆಗಳನ್ನ ಕದ್ದುಮುಚ್ಚಿ ತಂದು ಹೂತ್ರು ಅಂತ ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ಬರೀತಾನೆ. ಅಂದ್ರೆ ಕ್ರಿ.ಪೂ. 441ರ ಆಸುಪಾಸಲ್ಲಿ ಈ ನಾಟಕ ನೋಡಿದವರಿಗೆ ಕ್ರಿಯಾನ್ ಮಾತು ಎಲ್ಲೋ ಕೇಳಿದ ಹಾಗೇ ಇರುತ್ತೆ. ಆದ್ರೆ ಅವರ ಕಾನೂನು ಗಡಿಯಾಚೆ ಒಯ್ದು ಹೂಳೋಕೆ ಜಾಗ ಬಿಟ್ಟಿತ್ತು, ಕ್ರಿಯಾನ್ ಅದನ್ನೂ ಬಿಡಲ್ಲ, ಹೆಣಕ್ಕೇ ಕಾವಲು ಕೂರಿಸ್ತಾನೆ. ಅಲ್ಲಿ ಗೆರೆ ದಾಟಿದ.

ಇನ್ನೊಂದು ವಿಷಯ, ನಿಮಗೆ ಖಂಡಿತ ಉಪಯೋಗಕ್ಕೆ ಬರುತ್ತೆ. ಸುಮಾರು ನೂರು ವರ್ಷ ಆದ್ಮೇಲೆ, ಕ್ರಿ.ಪೂ. 343ರಲ್ಲಿ, ಡೆಮಾಸ್ತನೀಸ್ ಅನ್ನೋ ಭಾಷಣಕಾರ ತನ್ನ ಎದುರಾಳಿ ಈಸ್ಕಿನೀಸ್ ಮೇಲೆ ಕೇಸು ನಡೆಸ್ತಾ ಕೋರ್ಟಲ್ಲಿ ಗುಮಾಸ್ತನ ಕೈಲಿ ಕ್ರಿಯಾನ್‌ನ ಮೊದಲ ಭಾಷಣದ ಸಾಲುಗಳನ್ನ ಓದಿಸ್ತಾನೆ. ಯಾತಕ್ಕೆ? ದೇಶಪ್ರೇಮ ಅಂದ್ರೆ ಹೀಗಿರ್ಬೇಕು ಅಂತ ತೋರ್ಸೋಕೆ! ಈಸ್ಕಿನೀಸ್ ಮುಂಚೆ ನಟನಾಗಿದ್ದ, ಇದೇ ಕ್ರಿಯಾನ್ ಪಾತ್ರ ಮಾಡಿದವನು. ನೀನೇ ಎಷ್ಟೋ ಸಲ ಬಾಯಿಪಾಠ ಒಪ್ಪಿಸಿದ ಮಾತನ್ನ ದೇಶದ ಕೆಲಸಕ್ಕೆ ಹೋದಾಗ ಮರೆತ್ಯಲ್ಲ ಅಂತ ತರಾಟೆಗೆ ತಗೋತಾನೆ. ನಾಡು ಅನ್ನೋ ಹಡಗು ನೆಟ್ಟಗೆ ತೇಲ್ತಿದ್ರೆ ಮಾತ್ರ ನಮಗೆ ಗೆಳೆಯರೂ ನೆಂಟರೂ ಅನ್ನೋ ಭಾಗ ಅದು. ನಿಮ್ಮ ನಿರ್ದೇಶಕರು ಕೇಳ್ತಿರೋದು ಅದನ್ನೇ, ಆ ಭಾಷಣವನ್ನ ಪೂರ್ತಿ ಮನಸ್ಸಿಟ್ಟು ಹೇಳಿ, ಒಂದು ಕೂದಲಷ್ಟೂ ಕೆಟ್ಟತನ ಬೆರೆಸಬೇಡಿ.

ಅಘನಾಶಿನಿ

ಮೇಷ್ಟ್ರು ಹೇಳಿದ್ದು ಒಪ್ತೀನಿ, ಆದ್ರೆ ಹೆಗೆಲ್ ಮಾತು ಈ ನಾಟಕಕ್ಕೆ ಪೂರ್ತಿ ಕೂರಲ್ಲ ಅಂತ ನನ್ನ ಅನಿಸಿಕೆ. ಟೈರೀಸಿಯಸ್ ಬಂದು ಏನ್ ಹೇಳ್ತಾನೆ ನೋಡಿ. ಹಕ್ಕಿಗಳು ಹುಚ್ಚುಹಿಡಿದ ಹಾಗೆ ಒಂದನ್ನೊಂದು ಪರಚ್ತಿವೆ, ಬಲಿ ಕೊಟ್ರೆ ಬೆಂಕಿ ಹತ್ತಲ್ಲ, ಕೊಬ್ಬು ಕರಗಿ ಬೂದಿ ಮೇಲೆ ತೊಟ್ಟಿಕ್ಕಿ ಹೊಗೆಯಾಡ್ತಿದೆ, ಯಾಕಂದ್ರೆ ನಾಯಿ ಹದ್ದುಗಳು ಆ ಹೆಣದ ಚೂರು ತಂದು ಊರಿನ ಬಲಿಪೀಠಗಳನ್ನೆಲ್ಲ ಮೈಲಿಗೆ ಮಾಡಿವೆ. ದೇವರು ಯಾವ ಕಡೆ ಅನ್ನೋದು ನಾಟಕ ಬಾಯಿಬಿಟ್ಟು ಹೇಳುತ್ತೆ. ಇಬ್ಬರೂ ಸಮ ಸರಿ ಅಂತ ತಕ್ಕಡಿ ಹಿಡಿಯೋಕೆ ಆಗಲ್ಲ. ಕ್ರಿಯಾನ್ ತಪ್ಪು. ತಪ್ಪು ಮಾಡಿದವನೆಲ್ಲ ವಿಲನ್ ಅಲ್ಲ ಅಷ್ಟೇ, ಗ್ರೀಕರ ಈ ನಾಟಕಗಳನ್ನ ನಾನು ಇಷ್ಟಪಡೋದೇ ಆ ಕಾರಣಕ್ಕೆ.

ಪಾತ್ರಕ್ಕೆ ಒಂದು ಹಿಡಿತ ಕೊಡ್ತೀನಿ, ನೋಡಿ. ಇವನ ಬಾಯಲ್ಲಿ ಮತ್ತೆ ಮತ್ತೆ ಬರೋ ಮಾತು ದುಡ್ಡು. ಹೆಣದ ಮೇಲೆ ಯಾರೋ ಮಣ್ಣು ಹಾಕಿದಾರೆ ಅಂತ ಕಾವಲುಗಾರ ಬಂದು ಹೇಳಿದ್ರೆ "ಯಾರ ಹತ್ರ ದುಡ್ಡು ತಿಂದಿದೀಯ?" ಟೈರೀಸಿಯಸ್ ಬುದ್ಧಿ ಹೇಳಿದ್ರೆ "ಕಾಲಜ್ಞಾನಿಗಳ ಕುಲಕ್ಕೇ ದುಡ್ಡಿನ ಆಸೆ." ಮಗ ಎದುರಾಡಿದ್ರೆ "ಹೆಂಗಸಿನ ಗುಲಾಮ." ತನ್ನನ್ನ ವಿರೋಧಿಸೋಕೆ ಯಾರಿಗಾದ್ರೂ ಪ್ರಾಮಾಣಿಕವಾದ ಕಾರಣ ಇರಬಹುದು ಅನ್ನೋದೇ ಅವನ ತಲೆಗೆ ಹೋಗಲ್ಲ. ಮೊದಲ ಭಾಷಣದಲ್ಲಿ ಇವನೇ ಹೇಳಿರ್ತಾನೆ, ಹೆದರಿ ಬಾಯಿ ಮುಚ್ಕೊಂಡಿರೋ ಆಳುವವನು ಎಲ್ಲರಿಗಿಂತ ಕೆಟ್ಟವನು ಅಂತ. ಆಮೇಲೆ ಹೀಮನ್ ಬಂದು ಹೇಳ್ತಾನೆ, ಅಪ್ಪಾ ನಿನ್ನ ಕಣ್ಣು ಕಂಡ್ರೇ ಊರವರು ಬಾಯಿ ಬಿಡಲ್ಲ, ಕತ್ತಲಲ್ಲಿ ಅವರು ಆ ಹುಡುಗಿಗೋಸ್ಕರ ಅಳೋದು ನನ್ನ ಕಿವಿಗೆ ಬೀಳುತ್ತೆ ಅಂತ. ಎಷ್ಟು ನೋವಿನ ಮಾತು ಅದು, ಓದಿದಾಗೆಲ್ಲ ನಿಲ್ಲಿಸ್ತೀನಿ.

ಎರಡನೇ ಪ್ರಶ್ನೆಗೆ ಬಂದ್ರೆ, ಅವನು ಇಪ್ಪತ್ತು ಸಾಲಲ್ಲಿ ಕರಗಲ್ಲ, ಅದಕ್ಕೂ ಮುಂಚೆನೇ ಬಿರುಕು ಬಿಟ್ಟಿರುತ್ತೆ, ಹುಡುಕಿ. ಆಂಟಿಗೊನಿಯ ತಂಗಿ ಇಸ್ಮೀನಿಗೂ ಸಾವೇ ಅಂದಿದ್ದವನು, ಮೇಳದ (ಊರ ಹಿರಿಯರ ಗುಂಪು, ಕೋರಸ್) ಹಿರಿಯ "ಇಬ್ಬರನ್ನೂನಾ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದ ಕೂಡ್ಲೇ "ಸರಿಯಾಗಿ ಹೇಳ್ದೆ, ಮುಟ್ಟದೇ ಇದ್ದವಳನ್ನ ಬಿಡ್ತೀನಿ" ಅಂತಾನೆ. ಎರಡನೇದು, ಶುರುನಲ್ಲಿ ಆಜ್ಞೆ ಮೀರಿದವರಿಗೆ ಶಿಕ್ಷೆ ಏನು? ಊರ ನಡುವೆ ಕಲ್ಲು ಹೊಡೆದು ಸಾಯಿಸೋದು. ಆಮೇಲೆ ಅದು ಸದ್ದಿಲ್ದೆ ಗುಹೆ ಆಗಿಬಿಡುತ್ತೆ, ಒಂದಿಷ್ಟು ಊಟನೂ ಇಡಿಸ್ತಾನೆ, ಊರಿಗೆ ಪಾಪ ತಟ್ಟಬಾರದು ಅಂತ. ಯಾಕೆ ಬದಲಾಯ್ತು ಅಂತ ಅವನು ಹೇಳಲ್ಲ. ನನಗನ್ನಿಸೋದು, ಕಲ್ಲು ಹೊಡೆಯೋಕೆ ಊರವರ ಕೈ ಬೇಕು, ಆ ಕೈಗಳು ಈಗ ತನ್ನ ಕಡೆ ಇಲ್ಲ ಅಂತ ಮಗ ಆಗ ತಾನೇ ಹೇಳಿ ಹೋಗಿದಾನೆ. ಈ ಎರಡು ಜಾಗದಲ್ಲಿ ಒಂದು ಉಸಿರಿನಷ್ಟು ಹೊತ್ತು ತಡೆದು ನಿಂತು ನೋಡಿ, ಕೊನೆಯ ಇಪ್ಪತ್ತು ಸಾಲು ತಾನಾಗೇ ಸರಿಹೋಗುತ್ತೆ.

ಹಿಂದಿನ_ಸಾಲು

ಮೇಡಂ, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ನಿನ್ನೆ ರಿಹರ್ಸಲ್‌ನಲ್ಲಿ "ಇಬ್ಬರನ್ನೂನಾ?" ಅಂದ ಕಡೆ ತಡೆದು ನಿಂತೆ. ಮೇಳದಲ್ಲಿರೋ ಹುಡುಗರು ಡೈಲಾಗ್ ಮರೆತೆ ಅನ್ಕೊಂಡು ಪ್ರಾಂಪ್ಟ್ ಮಾಡೋಕೆ ಹೊರಟ್ರು, ನಿರ್ದೇಶಕರು ಕೈ ಎತ್ತಿ ಬೇಡ ಅಂದ್ರು. ಆ ಕ್ಷಣ ನನಗೆ ಮೊದಲನೇ ಸಲ ಇವನ ಒಳಗೆ ಕಾಲಿಟ್ಟ ಹಾಗಾಯ್ತು. ಭಾಷಣನೂ ಭಯ ಇಟ್ಕೊಂಡು ಹೇಳಿದೆ, ದನಿ ತಾನಾಗೇ ತಗ್ಗಿತು.

ಆದ್ರೆ ಆಂಟಿಗೊನಿ ಜೊತೆಗಿನ ದೃಶ್ಯ ಇನ್ನೂ ಕೂತಿಲ್ಲ. ನಮ್ಮ ಆಂಟಿಗೊನಿ ಪೂರ್ತಿ ಮುಗ್ಧೆ ಥರ ಆಡ್ತಾಳೆ, ಕಣ್ಣಲ್ಲಿ ನೀರು. ನಾನು ಎಷ್ಟು ಮೆಲ್ಲಗೆ ಮಾತಾಡಿದ್ರೂ ಅವಳ ಎದುರು ರಾಕ್ಷಸನ ಹಾಗೇ ಕಾಣ್ತೀನಿ.

ಇಸ್ಮೀನಿ_ಆಗಿದ್ದವಳು

ನಾನು ಕಾಲೇಜಲ್ಲಿ ಇಸ್ಮೀನಿ ಮಾಡಿದ್ದೆ, ಲಂಕೇಶರ ಅಂತಿಗೊನೆ ಅನುವಾದ ಇಟ್ಕೊಂಡು. ನಿಮ್ಮ ಆಂಟಿಗೊನಿಗೆ ದಯವಿಟ್ಟು ಹೇಳಿ, ಆ ಹುಡುಗಿ ಮೆತ್ತಗಿಲ್ಲ. ಮೊದಲ ದೃಶ್ಯದಲ್ಲೇ ತಂಗಿ ಹೆದರಿ, "ನನ್ನ ಕೈಲಾಗಲ್ಲ, ಆದ್ರೆ ಯಾರಿಗೂ ಹೇಳಲ್ಲ, ಗುಟ್ಟಾಗಿಡ್ತೀನಿ" ಅಂದ್ರೆ ಇವಳು "ಬೇಡ, ಎಲ್ಲರಿಗೂ ಕೂಗಿ ಹೇಳು, ಸುಮ್ಮನಿದ್ರೆ ಇನ್ನೂ ದ್ವೇಷ ಮಾಡ್ತೀನಿ" ಅಂತಾಳೆ. ಆಮೇಲೆ ಇಸ್ಮೀನಿ ಜೀವದ ಆಸೆ ಬಿಟ್ಟು ಬಂದು "ನಾನೂ ಪಾಲುದಾರಳು, ನಿನ್ನ ಜೊತೆ ಸಾಯ್ತೀನಿ" ಅಂತ ನಿಂತಾಗಲೂ ಹತ್ತಿರ ಸೇರಿಸಲ್ಲ, ನೀನು ಬದುಕೋದನ್ನ ಆರಿಸ್ಕೊಂಡೆ ನಾನು ಸಾಯೋದನ್ನ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತಾಳೆ. ಆ ಮಾತು ಕೇಳಿಸ್ಕೊಂಡು ವೇದಿಕೆ ಮೇಲೆ ನಿಂತಿರೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಪ್ರತಿ ಪ್ರದರ್ಶನದಲ್ಲೂ ನಿಜವಾಗಿ ಅಳು ಬರ್ತಿತ್ತು. ಇದೇ ಹುಡುಗಿ ಅದೇ ದೃಶ್ಯದಲ್ಲಿ ಸ್ವಲ್ಪ ಮುಂಚೆ ಕ್ರಿಯಾನ್‌ಗೆ, ನಾನು ಹುಟ್ಟಿರೋದು ದ್ವೇಷ ಹಂಚ್ಕೊಳ್ಳೋಕಲ್ಲ ಪ್ರೀತಿ ಹಂಚ್ಕೊಳ್ಳೋಕೆ ಅಂದಿರ್ತಾಳೆ!

ಅದಕ್ಕೇ ಮೇಳ ಅವಳಿಗೂ ಹೇಳುತ್ತೆ, ನಿನ್ನ ಸ್ವಂತ ಹಠವೇ ನಿನ್ನನ್ನ ಮುಗಿಸ್ತು ಅಂತ. ಅವಳು ಮಾಡಿದ ಕೆಲಸ ಸರಿ, ನೂರಕ್ಕೆ ನೂರು ಸರಿ, ಅದನ್ನ ಮಾಡೋಕೆ ಬೇಕಾಗಿದ್ದ ಗಟ್ಟಿತನ ಮಾತ್ರ ಹತ್ತಿರ ಇದ್ದವರನ್ನೂ ಸುಡುತ್ತೆ. ಹೀಮನ್ ಅಪ್ಪನಿಗೆ ಒಂದು ಮಾತು ಹೇಳ್ತಾನಲ್ಲ, ಹೊಳೆ ತುಂಬಿ ಹರಿಯುವಾಗ ಬಾಗಿದ ಮರದ ರೆಂಬೆ ಉಳಿಯುತ್ತೆ, ಸೆಟೆದು ನಿಂತದ್ದು ಬೇರು ಸಮೇತ ಕಿತ್ತು ಹೋಗುತ್ತೆ ಅಂತ, ಅದು ಅಪ್ಪನಿಗೆಷ್ಟು ಸಲ್ಲುತ್ತೋ ಅವಳಿಗೂ ಅಷ್ಟೇ ಸಲ್ಲುತ್ತೆ. ಮಾವ ಸೊಸೆ ಇಬ್ಬರೂ ಒಂದೇ ಅಚ್ಚು. ಅವಳು ಕಣ್ಣೀರು ಒರೆಸ್ಕೊಂಡು ಕ್ರಿಯಾನ್ ಕಣ್ಣಿಗೆ ಕಣ್ಣಿಟ್ಟು ನೋಡಿದ್ರೆ ನಿಮ್ಮ ರಾಕ್ಷಸತನ ಅರ್ಧ ಇಳಿಯುತ್ತೆ.

ಧಾರವಾಡ_ಪೇಡೆ

ಸರ, ಕ್ರಿಯಾನ್‌ನ ತಿಳ್ಕೋಬೇಕಂದ್ರ ಒಂದ್ಸಲ ಹೋಮರ್‌ನ ಇಲಿಯಡ್ ಕಾವ್ಯದ ಕಡಿಗೆ ಹೋಗಿ ಬರ್ರಿ. ಅಲ್ಲಿ ಹೆಕ್ಟರ್ ಅದಾನ, ಟ್ರಾಯ್ ಪಟ್ಟಣದ ಆಸರಾ ಅವನ. ವೈರಿ ಗ್ರೀಕರ ದೊಡ್ಡ ಶೂರ ಅಕಿಲೀಸ್ ಮತ್ತ ಯುದ್ಧಕ್ಕ ಬರ್ತಾನಂತ ಗೊತ್ತಾದ ರಾತ್ರಿ ಪಾಲಿಡಮಸ್ ಅನ್ನಾಂವ ಹೇಳ್ತಾನ, ಎಲ್ಲಾರೂ ಕೋಟಿ ಒಳಗ ಹೋಗೂಣು, ಬಯಲಾಗ ನಿಂದ್ರೂದು ಬ್ಯಾಡ ಅಂತ. ಹೆಕ್ಟರ್ ಅವನ್ನ ಬೈದು ಸುಮ್ಮಕೂಡಸ್ತಾನ, ಮಂದಿ ಜೈ ಅಂತಾರ. ಮರುದಿನ ಊರ ಮಂದಿ ಹೆಣ ಬಿದ್ದಾವ, ಉಳಿದವರು ಒಳಗ ಓಡ್ಯಾರ, ಹೆಕ್ಟರ್ ಒಬ್ಬಾಂವ ಬಾಗಲ ಹೊರಗ ನಿಂತಾನ. ಮ್ಯಾಲ ಗ್ವಾಡಿ ಮ್ಯಾಗಿಂದ ಮುದಕ ಅಪ್ಪ ಬಿಳಿ ಕೂದಲಾ ಕಿತ್ಕೋತಾನ, ಅವ್ವ ಹಾಲು ಕುಡಿಸಿದ ಎದಿ ತೋರ್ಸಿ ಒಳಗ ಬಾ ಅಂತ ಅಳ್ತಾಳ. ಬಾಗಲಾ ತಗದೈತಿ, ನಾಕ ಹೆಜ್ಜಿ ಹೋದ್ರ ಜೀವ ಉಳೀತೈತಿ. ಆದ್ರ ಅಂವಾ ತನ್ನೊಳಗ ಏನಂತಾನ? ಒಳಗ ಹೋದ್ರ ಮೊದಲು ಪಾಲಿಡಮಸ್ ಅಂತಾನ, ಆಮ್ಯಾಲ ನನಗಿಂತ ಕಡಿಮಿ ಯಾಂವರ ಒಬ್ಬಾಂವ ಅಂತಾನ, ತನ್ನ ತಾಕತ್ತು ನಂಬಿ ಹೆಕ್ಟರ್ ಮಂದಿನ್ನೆಲ್ಲ ಕೊಂದ ಅಂತ. ಆ ಮಾತು ಕೇಳೂದ್ಕಿಂತ ಸಾಯೂದ ಚಲೋ.

ನಾಕ ಮಂದಿ ಏನಂದಾರು ಅನ್ನೂದು, ಅಷ್ಟರಿ. ಆ ನಾಚಿಕಿನ ಅವನ್ನ ಶೂರ ಮಾಡಿತ್ತು, ಅದ ಅವನ್ನ ಕೊಂತು. ಗುಣ ಬ್ಯಾರೆ ದೋಷ ಬ್ಯಾರೆ ಅಂತ ಅಲ್ಲಿ ಬಿಡಿಸಾಕ ಆಗೂದಿಲ್ಲ. ಕ್ರಿಯಾನ್‌ಗೂ ಹಂಗ, ಊರಿನ ಮ್ಯಾಲಿನ ಕಾಳಜಿ ಖರೇನ, ಅದ ಕಾಳಜಿ ಸೆಟದು ನಿಂತು ಮಗನ್ನ ತಿಂತು.

ಇನ್ನೊಂದು ನೋಡ್ರಿ, ಅಲ್ಲೂ ಕಡೀಗೆ ಜಗಳ ಒಂದು ಹೆಣದ ಸಲವಾಗಿ. ಅಕಿಲೀಸ್ ಹೆಕ್ಟರ್‌ನ ಹೆಣಾ ರಥಕ್ಕ ಕಟ್ಟಿ ಎಳೀತಾನ, ಹನ್ನೆರಡು ದಿನ ಮಣ್ಣಿಗಿ ಕೊಡೂದಿಲ್ಲ. ಮುದಕ ರಾಜ ಪ್ರಯಾಮ್ ರಾತ್ರಿ ವೈರಿ ಬಿಡಾರಕ್ಕ ಬಂದು, ತನ್ನ ಮಕ್ಕಳನ್ನ ಕೊಂದ ಕೈಗೆ ಮುತ್ತು ಕೊಟ್ಟು, ನಿಮ್ಮಪ್ಪನ್ನ ನೆನಸ್ಕೋ ಅಂತಾನ. ಇಬ್ಬರೂ ಕೂಡಿ ಅಳ್ತಾರ, ಒಬ್ಬಾಂವ ಮಗನ ಸಲವಾಗಿ, ಇನ್ನೊಬ್ಬಾಂವ ಅಪ್ಪನ ಸಲವಾಗಿ, ಸತ್ತ ಗೆಳ್ಯಾ ಪೆಟ್ರೊಕ್ಲಸ್‌ನ ಸಲವಾಗಿ. ಅದಾದ ಮ್ಯಾಲ ಬರೂದು ನನಗ ಎಲ್ಲಾದ್ಕಿಂತ ದೊಡ್ಡದು. ಅಕಿಲೀಸ್ ಆಳುಗಳಿಗಿ ಹೇಳ್ತಾನ, ಹೆಣಾ ತೊಳದು ಎಣ್ಣಿ ಹಚ್ರಿ, ಆದ್ರ ಮುದಕನ ಕಣ್ಣಿಗಿ ಬೀಳದಂಗ ಆಕಡೆ ಒಯ್ದು ಮಾಡ್ರಿ. ಯಾಕಂದ್ರ ಮಗನ್ನ ಆ ಸ್ಥಿತಿಯೊಳಗ ನೋಡಿ ಮುದಕ ಸಿಟ್ಟಿಗೆದ್ರ, ನನಗೂ ಸಿಟ್ಟು ಬಂದು ಎಲ್ಲಿ ಅವನ್ನ ಕೊಂದ ಬಿಡ್ತೀನೋ ಅಂತ. ತನ್ನ ಸಿಟ್ಟಿನ ಅಳತಿ ತನಗ ಗೊತ್ತೈತಿ. ಕಡೀಕ ಹೆಣಾ ತಾನ ಎತ್ತಿ ಚಟ್ಟದ ಮ್ಯಾಲ ಇಡ್ತಾನ. ಆ ತಿಳುವಳಿಕಿ ಕ್ರಿಯಾನ್‌ಗ ಬರೂದ್ರೊಳಗ ಹೊತ್ತು ಮೀರಿರ್ತೈತಿ. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು ಅಂತಾರಲ್ಲ, ಹಂಗ.

ಹಳೇಮೇಷ್ಟ್ರು

ಧಾರವಾಡದವರು ಹೆಣದ ಮಾತು ಎತ್ತಿದ್ದು ಬಹಳ ಒಳ್ಳೇದಾಯ್ತು. ಸೋಫೋಕ್ಲಿಸ್‌ನದೇ ಏಜಾಕ್ಸ್ ನಾಟಕದ ಕೊನೆಯ ಭಾಗ ಪೂರ್ತಿ ಇದೇ ಜಗಳ. ಟ್ರಾಯ್ ಯುದ್ಧದ ಗ್ರೀಕ್ ವೀರ ಏಜಾಕ್ಸ್ ಸತ್ತ ಮೇಲೆ ಅವನನ್ನ ಹೂಳಬಾರದು ಅಂತ ಗ್ರೀಕ್ ದೊರೆಗಳಾದ ಮೆನೆಲೌಸ್, ಅಗಮೆಮ್ನಾನ್ ಇಬ್ಬರೂ ಪಟ್ಟು ಹಿಡೀತಾರೆ. ಹೂಳಲೇಬೇಕು ಅಂತ ವಾದಿಸಿ ಗೆಲ್ಲೋನು ಯಾರು? ಏಜಾಕ್ಸ್‌ನ ಕಡುವೈರಿ ಒಡಿಸಿಯಸ್. ನಾನೂ ಒಂದಿನ ಇದೇ ಸ್ಥಿತಿಗೆ ಬರೋನೇ ಅಂತಾನೆ. ನಮ್ಮ ಬಿ.ಎಂ.ಶ್ರೀ. ಆ ನಾಟಕವನ್ನೇ ಮಹಾಭಾರತದ ಅಶ್ವತ್ಥಾಮನ ಮೇಲೆ ಕೂರಿಸಿ 'ಅಶ್ವತ್ಥಾಮನ್' ಬರೆದ್ರು, ಹಳಗನ್ನಡದಲ್ಲಿ, ಸಿಕ್ಕಿದ್ರೆ ಜೋರಾಗಿ ಓದ್ಕೊಳ್ಳಿ, ಗ್ರೀಕ್ ಮೇಳದ ತೂಕ ಕನ್ನಡದ ಬಾಯಲ್ಲಿ ಹೇಗಿರುತ್ತೆ ಅಂತ ಗೊತ್ತಾಗುತ್ತೆ.

ಹಿಂದಿನ_ಸಾಲು

ಕೊನೇದಾಗಿ ಒಂದು. ಟೈರೀಸಿಯಸ್ ಹೋದ ಮೇಲೆ ಮೇಳದ ಹಿರಿಯ ಹೇಳೋದು "ಹೋಗು, ಮೊದಲು ಆ ಹುಡುಗೀನ ಗುಹೆಯಿಂದ ಬಿಡ್ಸು, ಆಮೇಲೆ ಹೆಣಕ್ಕೆ ಗೋರಿ ಕಟ್ಟು" ಅಂತ. ಆದ್ರೆ ದೂತ ಬಂದು ವರದಿ ಹೇಳುವಾಗ ಕ್ರಿಯಾನ್ ಮೊದಲು ಹೆಣದ ಹತ್ರ ಹೋಗಿ, ತೊಳೆದು, ಹಸಿ ಕೊಂಬೆ ಮುರಿದು ಸುಟ್ಟು, ಗುಡ್ಡೆ ಹಾಕಿ, ಆಮೇಲೆ ಗುಹೆಗೆ ಹೋಗಿದಾನೆ! ಅಷ್ಟೊತ್ತಿಗೆ ಅವಳು ತನ್ನ ಬಟ್ಟೆಯಲ್ಲೇ ನೇಣು ಹಾಕ್ಕೊಂಡಿದಾಳೆ, ಹೀಮನ್ ಅವಳ ಸೊಂಟ ತಬ್ಬಿ ಕೂತಿದಾನೆ. ಮಗ ಅಪ್ಪನ ಮುಖಕ್ಕೆ ಉಗಿದು, ಕತ್ತಿ ಬೀಸಿ, ಗುರಿ ತಪ್ಪಿ, ಅದೇ ಕತ್ತೀನ ತನಗೇ ಚುಚ್ಕೋತಾನೆ. ಆ ಸುದ್ದಿ ಕೇಳಿದ ತಾಯಿ ಯೂರಿಡಿಸಿ ಒಂದು ಮಾತೂ ಆಡದೆ ಒಳಗೆ ಹೋಗಿ ಪ್ರಾಣ ಬಿಡ್ತಾಳೆ. ಹಿರಿಯ ಹೇಳಿದ ಕ್ರಮದಲ್ಲೇ ಹೋಗಿದ್ರೆ ಇಷ್ಟೂ ಜನ ಉಳೀತಿದ್ರಾ? ಯಾಕೆ ಹಿಂದುಮುಂದು ಮಾಡಿದ?

ಅಘನಾಶಿನಿ

ಕಾರಣ ನಾಟಕ ಹೇಳಲ್ಲ. ನಾನು ಓದಿಕೊಳ್ಳೋದು ಹೀಗೆ: ಟೈರೀಸಿಯಸ್ ಹೇಳಿದ್ದು ಎರಡು ತಪ್ಪು, ಕೆಳಗಿರಬೇಕಾದವನನ್ನ ಮೇಲಿಟ್ಟೆ, ಮೇಲಿರಬೇಕಾದವಳನ್ನ ಕೆಳಗೆ ಹಾಕ್ದೆ. ಇದರಲ್ಲಿ ಊರಿಗೆ ಮೈಲಿಗೆ ತಂದದ್ದು ಹೆಣ. ಹುಡುಗಿಯ ವಿಷಯ ಮನೆಯದು. ಮನಸ್ಸು ಬದಲಾದ ಮೇಲೂ ಕ್ರಿಯಾನ್ ದೊರೆಯಾಗೇ ಯೋಚಿಸ್ದ, ಮೊದಲು ಊರಿನ ಕೆಲಸ, ಮಗನ ಕೆಲಸ ಆಮೇಲೆ. ಬೆಳಿಗ್ಗೆ ಭಾಷಣದಲ್ಲಿ ಹೇಳಿದ್ದನ್ನೇ ಸಂಜೆನೂ ಮಾಡ್ದ. ಮನಸ್ಸು ಬದಲಾಯ್ತು, ಸ್ವಭಾವ ಬದಲಾಗಲಿಲ್ಲ.

ಅಲ್ಲೇ ಹೊರಡುವ ಮುಂಚೆ ಆಳುಗಳಿಗೆ ಕೊಡಲಿ ತಗೊಂಡು ಓಡಿ ಅಂತ ಹೇಳಿ, ಅವನೊಂದು ಮಾತಾಡ್ತಾನೆ, ನಾನೇ ಕಟ್ಟಿದ್ದು ನಾನೇ ಹೋಗಿ ಬಿಚ್ತೀನಿ ಅಂತ. ಆ ಸಾಲನ್ನ ಹೇಗೆ ಹೇಳ್ತಿದೀರ?

ಹಿಂದಿನ_ಸಾಲು

ಇಲ್ಲೀತನಕ ಕೂಗಿ ಹೇಳ್ತಿದ್ದೆ ಮೇಡಂ. ಇವತ್ತು ಸಂಜೆ ರಿಹರ್ಸಲ್ ಇದೆ, ಮೇಳದವರ ಕಡೆ ತಿರುಗದೆ ನನ್ನ ಕೈ ನೋಡ್ಕೊಂಡು ಮೆಲ್ಲಗೆ ಹೇಳಿ ನೋಡ್ತೀನಿ. ಕೊಡಲಿ ಆಳುಗಳ ಕೈಲಿರಲಿ, ಒಂದನ್ನ ನಾನೂ ಎತ್ಕೋತೀನಿ ಅಂತ ನಿರ್ದೇಶಕರನ್ನ ಕೇಳ್ತೀನಿ.